ಶಾಪದ ಕೀರ್ತನೆ ಓದಿದ ತಾಯಿಗೆ

ಪ್ರಶ್ನೆ: ಅಯ್ಯನವರೇ, ನಾವು ಬಾಗಲಕೋಟೆ ಜಿಲ್ಲೆಯ ಕಬ್ಬಿನ ಸೀಮೆಯವರು. ಜನವರಿಯಲ್ಲಿ ನನ್ನ ಹಿರಿಯ ಮಗ, 23 ವರ್ಷದವನು, ರಾತ್ರಿ ಬೈಕಿನಲ್ಲಿ ಬರುವಾಗ ರಸ್ತೆಯ ಮೇಲೆಯೇ ನಿಲ್ಲಿಸಿದ್ದ ಕಬ್ಬಿನ ಟ್ರೇಲರ್‌ಗೆ ಹಾಯ್ದು ತೀರಿಕೊಂಡ. ಅದರ ಹಿಂದೆ ದೀಪವಿರಲಿಲ್ಲ, ಕೆಂಪು ಪಟ್ಟಿಯೂ ಇರಲಿಲ್ಲ. ಟ್ರ್ಯಾಕ್ಟರಿನ ಮಾಲೀಕ ನಮ್ಮೂರಿನವನೇ. ಇಂದಿಗೂ ನಮ್ಮ ಹೊಸ್ತಿಲು ತುಳಿದು ಒಂದು ಮಾತು ಆಡಿಲ್ಲ. ಮಗ ಕೆಲಸಕ್ಕೆ ಹೊರಡುವಾಗ ದಿನವೂ ಅವನ ತಲೆಯ ಮೇಲೆ ಕೈಯಿಟ್ಟು ಸತ್ಯವೇದದ (ಬೈಬಲಿನ) 91ನೆಯ ಕೀರ್ತನೆ, ದೇವರು ಕೇಡಿನಿಂದ ಕಾಯುತ್ತಾನೆ ಎನ್ನುವುದನ್ನು, ಓದುತ್ತಿದ್ದೆ. ಆ ದಿನವೂ ಓದಿದ್ದೆ.

ಈಗ ಪ್ರಾರ್ಥನೆಗೆ ಕುಳಿತರೆ ಸಿಟ್ಟು ಬರುತ್ತದೆ. ಸಭೆಯಲ್ಲಿ ಎಲ್ಲರೂ ಸ್ತೋತ್ರ ಹೇಳುವಾಗ ನನಗೆ ಬಾಯಿ ಬರುವುದಿಲ್ಲ. ‘ಎಲ್ಲದಕ್ಕೂ ಸ್ತೋತ್ರ ಮಾಡಬೇಕು, ನಿರೀಕ್ಷೆ ಇಲ್ಲದವರು ಮಾತ್ರ ಅಳುತ್ತಾರೆ’ ಎಂದು ಮಹಿಳಾ ಕೂಟದಲ್ಲಿ ಹೇಳಿದರು. ಒಂದು ರಾತ್ರಿ ನಿದ್ದೆ ಬಾರದೆ ಸತ್ಯವೇದ ತೆರೆದಾಗ ವೈರಿಗೆ ಶಾಪ ಹಾಕುವ 109ನೆಯ ಕೀರ್ತನೆ ಕಣ್ಣಿಗೆ ಬಿತ್ತು. ಆ ಮನುಷ್ಯನ ಹೆಸರು ಸೇರಿಸಿ ಗಟ್ಟಿಯಾಗಿ ಓದಿದೆ. ಎದೆ ಹಗುರಾಯಿತು. ಆಮೇಲೆ ಎಷ್ಟೋ ರಾತ್ರಿ ಓದಿದೆ. ಹದಿನೈದು ದಿನಗಳ ಹಿಂದೆ ಅವನ ಚಿಕ್ಕ ಮಗನಿಗೆ ಡೆಂಗಿ ಜ್ವರ ಬಂದು ವಿಜಯಪುರದ ಆಸ್ಪತ್ರೆಗೆ ಸೇರಿಸಿದರು. ಹುಡುಗ ಈಗ ಮನೆಗೆ ಬಂದಿದ್ದಾನೆ, ಆದರೆ ನನ್ನ ಕೈಕಾಲು ತಣ್ಣಗಾಗಿವೆ. ನಾನು ಮಾಡಿದ್ದು ಮಾಟವೇ? ದೇವರ ಮೇಲೆ ಸಿಟ್ಟಾಗಿದ್ದು ಪಾಪವೇ? ಶಾಪ ಮುರಿಯುವ ಪ್ರಾರ್ಥನೆ ಮಾಡಿಸಿಕೋ ಎನ್ನುತ್ತಾರೆ. ಆ ಮನೆಗೆ ಹೋಗಿ ತಪ್ಪೊಪ್ಪಿಕೊಳ್ಳಲೇ? ನನ್ನ ಗಂಡ ಬಾಯಿ ಬಿಡುವುದಿಲ್ಲ, ಕತ್ತಲಾಗುವವರೆಗೆ ಹೊಲದಲ್ಲೇ ಇರುತ್ತಾರೆ. ಕೆಲವೊಮ್ಮೆ ಮಗನ ಹತ್ತಿರವೇ ಹೋಗಿಬಿಡಬೇಕು ಅನಿಸುತ್ತದೆ. (ಹೆಸರು ಬೇಡ)

ಉತ್ತರ: ತಂಗಿ, ನಿಮ್ಮ ಪತ್ರದ ಕೊನೆಯ ಸಾಲನ್ನು ಮೊದಲು ಎತ್ತಿಕೊಳ್ಳುತ್ತೇನೆ. ಶಾಪ, ಪಾಪ, ಕೀರ್ತನೆ ಎಲ್ಲ ಆಮೇಲಾಗಲಿ. ಮಗನ ಹತ್ತಿರ ಹೋಗಿಬಿಡಬೇಕು ಎನ್ನುವ ಮಾತಿನಲ್ಲಿ ಎರಡು ಬಗೆಯಿದೆ. ಅವನನ್ನು ಇನ್ನೊಮ್ಮೆ ನೋಡಬೇಕು, ಅವನಿಲ್ಲದ ಮನೆಯೇ ಬೇಡ ಎಂಬ ಹಂಬಲ ಒಂದು. ಮಕ್ಕಳನ್ನು ಮಣ್ಣು ಮಾಡಿದ ತಾಯಂದಿರಲ್ಲಿ ಇದನ್ನು ನಾನು ಮತ್ತೆ ಮತ್ತೆ ಕಂಡಿದ್ದೇನೆ. ಹೇಗೆ, ಯಾವಾಗ ಎಂದು ಮನಸ್ಸು ಲೆಕ್ಕ ಹಾಕತೊಡಗುವುದು ಇನ್ನೊಂದು. ನಿಮ್ಮದು ಎರಡನೆಯದಾಗಿದ್ದರೆ, ಅಥವಾ ಯಾವುದೆಂದು ನಿಮಗೇ ತಿಳಿಯದಿದ್ದರೆ, ಈ ಉತ್ತರವನ್ನು ಪಕ್ಕಕ್ಕಿಟ್ಟು ಇವತ್ತೇ 14416ಕ್ಕೆ ಫೋನ್ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಗಲು ರಾತ್ರಿ ಇರುತ್ತದೆ, ದುಡ್ಡು ಕೊಡಬೇಕಾಗಿಲ್ಲ, ಕನ್ನಡದಲ್ಲಿಯೇ ಮಾತನಾಡಬಹುದು. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕೇಳಿ. ಧಾರವಾಡದಲ್ಲಿ ಡಿಮ್ಹಾನ್ಸ್ ಎಂಬ ಸರ್ಕಾರಿ ಮಾನಸಿಕ ಆರೋಗ್ಯ ಆಸ್ಪತ್ರೆ ಇದೆ. ಮನೆಯವರಲ್ಲಿ ಒಬ್ಬರಿಗಾದರೂ ಈ ವಿಷಯ ಬಾಯಿಬಿಟ್ಟು ಹೇಳಿ. ಬೆಳೆಗೆ ಹೊಡೆಯುವ ಔಷಧದ ಡಬ್ಬಿಗಳು ಮನೆಯಲ್ಲಿದ್ದರೆ ಸದ್ಯಕ್ಕೆ ಬೇರೆಯವರ ಮನೆಗೆ ಸಾಗಿಸಿಬಿಡಿ.

ವೈದ್ಯರ ಬಳಿ ಹೋಗುವುದು ಅವಿಶ್ವಾಸ ಎಂದು ಯಾರಾದರೂ ತಕರಾರು ತೆಗೆದರೆ ಅವರಿಗೆ ಅರಸುಗಳ ಮೊದಲನೆಯ ಪುಸ್ತಕದ 19ನೆಯ ಅಧ್ಯಾಯ ತೋರಿಸಿ. ಎಲೀಯನಂಥ ಪ್ರವಾದಿ ಅಡವಿಯಲ್ಲಿ ಗಿಡದ ಕೆಳಗೆ ಕುಳಿತು ‘ಸಾಕಪ್ಪಾ, ನನ್ನ ಪ್ರಾಣ ತೆಗೆದುಕೋ’ ಎಂದಾಗ ದೇವದೂತನು ಅವನಿಗೆ ಬೋಧನೆ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿಯನ್ನೂ ನೀರನ್ನೂ ತಲೆದೆಸೆಯಲ್ಲಿ ಇಟ್ಟು ಎಬ್ಬಿಸಿದನು. ಎಲೀಯನು ಉಂಡು ಮತ್ತೆ ಮಲಗಿದನು. ಎರಡನೆಯ ಸಲವೂ ಎಬ್ಬಿಸಿ ಉಣ್ಣಿಸಿದನು. ದೇವರ ಜೊತೆ ಮಾತುಕತೆ ನಡೆದದ್ದು ಇದೆಲ್ಲ ಆದ ಮೇಲೆ. ನೀವು ಹೊತ್ತಿಗೆ ಸರಿಯಾಗಿ ಉಣ್ಣುತ್ತಿದ್ದೀರಾ ಎಂದು ಪತ್ರದಲ್ಲಿ ಬರೆದಿಲ್ಲ. ಉಣ್ಣಿ.

ಈಗ ಆ ಹುಡುಗನ ಜ್ವರ. ಡೆಂಗಿ ಹರಡುವುದು ಈಡಿಸ್ ಸೊಳ್ಳೆಯಿಂದ. ಮಳೆ ಹಿಡಿದ ಮೇಲೆ ತೊಟ್ಟಿ, ಹಳೆಯ ಟೈರು, ಒಡಕು ಕೊಡಗಳಲ್ಲಿ ನಿಂತ ನೀರಿನಲ್ಲಿ ಹುಟ್ಟಿ ಹಗಲು ಹೊತ್ತಿನಲ್ಲಿ ಕಚ್ಚುವ ಸೊಳ್ಳೆ ಅದು. ಅದಕ್ಕೆ 109ನೆಯ ಕೀರ್ತನೆ ಗೊತ್ತಿಲ್ಲ. ಇದೇ ಮಳೆಗಾಲದಲ್ಲಿ ನಮ್ಮ ಕಡೆಯ ಜಿಲ್ಲೆಗಳಲ್ಲಿ ಬೇರೆ ಮಕ್ಕಳಿಗೂ ಈ ಜ್ವರ ಬರುತ್ತದೆ. ಅವರ ಅಪ್ಪಂದಿರ ಹೆಸರು ಹಿಡಿದು ನೀವು ಓದಿರಲಿಲ್ಲ.

ನಿಮ್ಮ ಭಯವನ್ನು ಹಗುರ ಮಾಡಿ ಹೀಗೆ ಹೇಳುತ್ತಿಲ್ಲ. ಮೂರು ದಾರಿ ಕೂಡುವಲ್ಲಿ ನಿಂಬೆಹಣ್ಣು ಬಿದ್ದಿದ್ದರೆ ಸುತ್ತು ಹಾಕಿ ನಡೆಯುವ ಊರುಗಳಲ್ಲಿ ಬೆಳೆದವರು ನಾವು. ನೊಂದವರ ಬಾಯಿ ತಟ್ಟುತ್ತದೆ ಎಂದು ಅಜ್ಜಿಯಂದಿರ ಬಾಯಲ್ಲಿ ಕೇಳಿದವರು. ಸಭೆಗೆ ಸೇರಿದ ಮಾತ್ರಕ್ಕೆ ಈ ಅಂಜಿಕೆ ಹೊರಗೆ ಉಳಿಯುವುದಿಲ್ಲ, ವೇಷ ಬದಲಿಸಿ ಒಳಗೆ ಬರುತ್ತದೆ. ಪ್ರಯಾಣಕ್ಕೆ ಇಷ್ಟನೆಯ ಕೀರ್ತನೆ, ಕೋರ್ಟ್ ಕೇಸಿಗೆ ಇಷ್ಟನೆಯದು, ಸಾಲ ತೀರಲು ಇಷ್ಟನೆಯದು ಎಂದು ಪಟ್ಟಿ ಮಾಡಿ ಮೊಬೈಲಿನಲ್ಲಿ ಹಂಚುವವರಿದ್ದಾರೆ. ಚೀಟಿಯಲ್ಲಿ 91 ಬರೆದು ಕೂಸಿನ ತಲೆದಿಂಬಿನ ಕೆಳಗೆ ಇಟ್ಟದ್ದನ್ನು ನಾನೇ ನೋಡಿದ್ದೇನೆ.

ಇದು ನಮ್ಮ ಸೀಮೆಯ ಜನರ ದಡ್ಡತನವೆಂದು ತಿಳಿಯಬೇಡಿ. ಮೃತ ಸಮುದ್ರದ ಪಕ್ಕದ ಕುಮ್ರಾನ್ ಗುಹೆಗಳಲ್ಲಿ ಎರಡು ಸಾವಿರ ವರ್ಷಗಳಷ್ಟು ಹಳೆಯ ಸುರುಳಿಗಳು ಸಿಕ್ಕಿವೆ. ಅವುಗಳಲ್ಲೊಂದರಲ್ಲಿ 91ನೆಯ ಕೀರ್ತನೆ ದೆವ್ವ ಬಿಡಿಸುವ ಪದ್ಯಗಳ ಜೊತೆಗೇ ಇದೆ. ಅಂದರೆ ಇದನ್ನು ರಕ್ಷೆಯಂತೆ ಬಳಸುವುದು ಆಗಲೇ ಇತ್ತು. 109ರ ಕಥೆಯೂ ಹಾಗೆಯೇ. 1557ರಲ್ಲಿ ಕೀರ್ತನೆಗಳ ಮೇಲೆ ವ್ಯಾಖ್ಯಾನ ಪ್ರಕಟಿಸಿದ ಪ್ರೊಟೆಸ್ಟಂಟ್ ಸುಧಾರಕ ಜಾನ್ ಕ್ಯಾಲ್ವಿನ್, ತನ್ನ ಕಾಲದ ಯುರೋಪಿನಲ್ಲಿ ಜನ ಸನ್ಯಾಸಿಗಳಿಗೆ ದುಡ್ಡು ಕೊಟ್ಟು ವೈರಿಗಳ ಮೇಲೆ ಈ ಕೀರ್ತನೆ ಓದಿಸುತ್ತಿದ್ದರು ಎಂದು ಬರೆದು ಉಗಿದಿದ್ದಾನೆ. ಫ್ರಾನ್ಸಿನ ಒಬ್ಬ ಹೆಂಗಸು ಹೆತ್ತ ಒಬ್ಬನೇ ಮಗನ ಮೇಲೆ ಓದಿಸಿದ್ದಳಂತೆ.

ನಿಮ್ಮ ಪತ್ರದಲ್ಲಿ ಈ ಎರಡು ಕೀರ್ತನೆಗಳು ಅಕ್ಕಪಕ್ಕದಲ್ಲೇ ಇವೆ. ಅವುಗಳನ್ನು ಎದುರುಬದುರು ನಿಲ್ಲಿಸಿ ನೋಡಿ. ದಿನವೂ ಪ್ರೀತಿಯಿಂದ, ಕೈಯಿಟ್ಟು ಓದಿದ 91 ಆ ರಾತ್ರಿ ಟ್ರೇಲರನ್ನು ರಸ್ತೆಯಿಂದ ಸರಿಸಲಿಲ್ಲ. ಹಾಗಿದ್ದ ಮೇಲೆ ಸಿಟ್ಟಿನಲ್ಲಿ ಓದಿದ 109 ಒಂದು ಮಗುವಿನ ಮೈಗೆ ಜ್ವರ ತುಂಬಿತು ಎಂದರೆ ಏನರ್ಥ? ನಮ್ಮ ಪ್ರೀತಿಯ ಮಾತಿಗೆ ಕಿವುಡಾಗಿರುವ ದೇವರು ದ್ವೇಷದ ಮಾತಿಗೆ ಓಡೋಡಿ ಬರುತ್ತಾನೆ ಎಂದಾಯಿತು. ಅಂಥ ದೇವರನ್ನು ನೀವೂ ನಂಬಿಲ್ಲ, ನಾನೂ ನಂಬಿಲ್ಲ. ಮಾಟದ ಲೆಕ್ಕವೇ ಬೇರೆ: ಇಂಥ ಮಾತು ಇಷ್ಟು ಸಲ ಹೇಳಿದರೆ ಇಂಥದ್ದು ಆಗಲೇಬೇಕು. ಪ್ರಾರ್ಥನೆಯಲ್ಲಿ ಕೇಳುವವರು ನಾವು, ಕೊಡುವುದೂ ಬಿಡುವುದೂ ದೇವರಿಗೆ ಬಿಟ್ಟದ್ದು. ಹುಡುಗ ಗುಣವಾಗಿ ಬಂದದ್ದನ್ನು ಕೂಡ ನಿಮ್ಮ ಪ್ರಾರ್ಥನೆಗೆ ಗಂಟು ಹಾಕಬೇಡಿ.

ಇನ್ನು 91. ಯಾವ ಕೇಡೂ ನಿನ್ನ ಬಳಿ ಸುಳಿಯದು, ನಿನ್ನ ಕಾಲು ಕಲ್ಲಿಗೆ ತಗಲದಂತೆ ದೂತರು ಎತ್ತಿಕೊಳ್ಳುವರು ಎನ್ನುವ ಕೀರ್ತನೆ ಇದು. ಸುವಾರ್ತೆಗಳಲ್ಲಿ ಈ ಮಾತನ್ನು ಖಾತರಿ ಪತ್ರದಂತೆ ಎತ್ತಿ ಹೇಳುವವನು ಒಬ್ಬನೇ ಒಬ್ಬ, ಸೈತಾನ. ದೇವಾಲಯದ ಗೋಪುರದ ಮೇಲೆ ಯೇಸುವನ್ನು ನಿಲ್ಲಿಸಿ, ಬರೆದಿದೆಯಲ್ಲಾ, ಧುಮುಕು ನೋಡೋಣ ಎನ್ನುತ್ತಾನೆ. ಯೇಸು ಧುಮುಕಲಿಲ್ಲ. ಮುಂದೆ ಶಿಲುಬೆಯ ಮೇಲೆ ಆತನ ಬಾಯಿಂದ ಬಂದದ್ದು 91 ಅಲ್ಲ, 22ನೆಯದರ ಮೊದಲ ಸಾಲು: ‘ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟಿದ್ದೀ?’

ಕೀರ್ತನೆಗಳನ್ನು ಜೋಡಿಸಿದವರಿಗೂ ಈ ಇಕ್ಕಟ್ಟು ತಿಳಿದಿತ್ತು ಎಂದು ನನ್ನ ಅಭಿಪ್ರಾಯ. ಒಟ್ಟು 150 ಕೀರ್ತನೆಗಳು, ಐದು ಭಾಗ. ಮೂರನೆಯ ಭಾಗದ ಕೊನೆಯಲ್ಲಿ 88 ಮತ್ತು 89. 88 ಕತ್ತಲಲ್ಲಿ ಮುಗಿಯುತ್ತದೆ. 89ರಲ್ಲಿ ದಾವೀದನಿಗೆ ಕೊಟ್ಟ ಮಾತು ಎಲ್ಲಿ ಹೋಯಿತು, ಕಿರೀಟ ಮಣ್ಣುಪಾಲಾಯಿತಲ್ಲ ಎಂದು ದೇವರನ್ನೇ ಕಟಕಟೆಯಲ್ಲಿ ನಿಲ್ಲಿಸುತ್ತಾರೆ. ಅದಾದ ಮೇಲೆ 90, ಮನುಷ್ಯನ ಆಯುಷ್ಯ ಹುಲ್ಲಿನಂತೆ ಎನ್ನುವುದು. ಆಮೇಲೆ 91. ಬೇಕೆಂದಿದ್ದರೆ ಅವರು ಅಳುವಿನ ಕೀರ್ತನೆಗಳನ್ನು ಕಿತ್ತುಹಾಕಬಹುದಿತ್ತು. ಕಿತ್ತುಹಾಕಲಿಲ್ಲ, ಒಂದೇ ಓಣಿಯಲ್ಲಿ ಮನೆ ಕೊಟ್ಟರು. ಚೌಕಟ್ಟು ಹಾಕಿ ಗೋಡೆಗೆ ತೂಗುಹಾಕುವ ವಾಗ್ದಾನದ ಕಾರ್ಡುಗಳಲ್ಲಿ ನಮಗೆ 91 ಮಾತ್ರ ಸಿಗುತ್ತದೆ. 88 ಅಚ್ಚಾದ ಕಾರ್ಡನ್ನು ನಾನಂತೂ ಕಂಡಿಲ್ಲ.

ನೀವು ಆ ದಿನ ಬೆಳಿಗ್ಗೆ ಓದಿದ್ದು ದಂಡವಾಯಿತೇ? ನನ್ನ ಮಟ್ಟಿಗೆ ಇಲ್ಲ. ನಿಮ್ಮ ಮಗ ತನ್ನ ಕೊನೆಯ ದಿನವೂ ತಾಯಿಯ ಕೈಯನ್ನು ತಲೆಯ ಮೇಲೆ ಹೊತ್ತು ಹೊರಟವನು. ಆದರೆ ದೇವರು ಯಾಕೆ ತಡೆಯಲಿಲ್ಲ ಎಂಬುದಕ್ಕೆ ಕಾರಣ ಹುಡುಕಿ ತರುವವರನ್ನು ದೂರವಿಡಿ. ಮನೆಯಲ್ಲಿ ಪಾಪ ಇತ್ತು, ದಶಮಾಂಶ ತಪ್ಪಿತ್ತು, ದೇವರಿಗೆ ಅವನು ಬೇಕಾಗಿದ್ದ ಎಂದು ಹೇಳುವವರು ಬರುತ್ತಾರೆ. ಸತ್ಯವೇದದಲ್ಲಿ ಮಕ್ಕಳನ್ನೂ ಆಸ್ತಿಯನ್ನೂ ಕಳೆದುಕೊಂಡ ಯೋಬನ ಗೆಳೆಯರೂ ಇದನ್ನೇ ಮಾಡಿದ್ದರು. ಪುಸ್ತಕದ ಕೊನೆಯಲ್ಲಿ ದೇವರು ಸಿಟ್ಟಾದದ್ದು ಕೂಗಾಡಿದ ಯೋಬನ ಮೇಲಲ್ಲ, ತನ್ನ ಪರವಾಗಿ ವಕಾಲತ್ತು ವಹಿಸಿದ ಆ ಗೆಳೆಯರ ಮೇಲೆ.

ಈಗ ನೀವು ಓದಿದ 109ನ್ನು ಹಗಲು ಬೆಳಕಿನಲ್ಲಿ ತೆರೆಯಿರಿ. 31 ವಚನಗಳಿವೆ. ನೀವು ಓದಿದ್ದು 6ರಿಂದ 19ರವರೆಗೆ ಇರಬೇಕು. ಅವನ ದಿನಗಳು ಕಡಿಮೆಯಾಗಲಿ, ಮಕ್ಕಳು ತಬ್ಬಲಿಗಳಾಗಲಿ, ಹೆಂಡತಿ ವಿಧವೆಯಾಗಲಿ ಎಂದು ಸಾಗುವ ಭಾಗ. ಮೊದಲ ಐದು ವಚನಗಳಲ್ಲಿ ವೈರಿಗಳು ‘ಅವರು’, ಆರನೆಯದರಿಂದ ಇದ್ದಕ್ಕಿದ್ದಂತೆ ‘ಅವನು’. ಇದನ್ನು ಹಿಡಿದು ಕೆಲವು ವಿದ್ವಾಂಸರು, ನಡುವಿನ ಶಾಪವೆಲ್ಲ ವೈರಿಗಳು ಕೀರ್ತನೆಗಾರನಿಗೆ ಹಾಕಿದ್ದು, ಅವನು ಅದನ್ನು ದೇವರ ಮುಂದೆ ವರದಿ ಮಾಡುತ್ತಿದ್ದಾನೆ ಎನ್ನುತ್ತಾರೆ. ಇರಬಹುದು. ಆದರೆ ಆ ಆಸರೆಯ ಹಿಂದೆ ಅಡಗಿಕೊಳ್ಳುವ ಮನಸ್ಸು ನನಗಿಲ್ಲ. 58 ಇದೆ, ಬಾಬೆಲಿನ ಕೂಸುಗಳನ್ನು ಬಂಡೆಗೆ ಅಪ್ಪಳಿಸುವವನು ಧನ್ಯ ಎನ್ನುವ 137 ಇದೆ. ಅಲ್ಲಿ ಮಾತು ಯಾರದೆಂಬ ಸಂಶಯವೇ ಇಲ್ಲ. ಸತ್ಯವೇದದಲ್ಲಿ ಮನುಷ್ಯರ ಸೇಡಿನ ಆಸೆ ಹಸಿಹಸಿಯಾಗಿಯೇ ಇದೆ.

ನೀವು ಗಮನಿಸಬೇಕಾದದ್ದು 20ರ ನಂತರ. ‘ಆದರೆ ನೀನು’ ಎಂದು ಅವನು ದೇವರತ್ತ ತಿರುಗುತ್ತಾನೆ. ನಾನು ಬಡವ, ಎದೆಯೊಳಗೆ ಗಾಯವಾಗಿದೆ, ಸಂಜೆಯ ನೆರಳಿನಂತೆ ಸರಿದುಹೋಗುತ್ತಿದ್ದೇನೆ, ಮಿಡತೆಯಂತೆ ಕೊಡವಿ ಬಿಸಾಡಿದ್ದಾರೆ, ಉಪವಾಸದಿಂದ ಮೊಣಕಾಲು ನಡುಗುತ್ತಿವೆ. ಸಿಟ್ಟಿನ ಸಿಪ್ಪೆ ಸುಲಿದ ಮೇಲೆ ಒಳಗಿದ್ದದ್ದು ಇದು. ಆರನೆಯ ವಚನದಲ್ಲಿ ‘ಅವನ ಬಲಗಡೆ ದೂರುಗಾರ ನಿಲ್ಲಲಿ’ ಎಂದು ಶುರುವಾದದ್ದು, 31ರಲ್ಲಿ ‘ದೇವರು ದಿಕ್ಕಿಲ್ಲದವನ ಬಲಗಡೆ ನಿಲ್ಲುತ್ತಾನೆ’ ಎಂದು ಮುಗಿಯುತ್ತದೆ. ಶಾಪ ಹಾಕುವವರು ಹಾಕಲಿ, ನೀನು ಆಶೀರ್ವದಿಸು ಎನ್ನುವ ಮಾತೂ 28ರಲ್ಲಿ ಬರುತ್ತದೆ. ನೀವು ಇಲ್ಲಿಯವರೆಗೆ ಓದಿರಲಿಲ್ಲ, ಅಲ್ಲವೇ?

ಈ ಇಡೀ ಕೀರ್ತನೆಯಲ್ಲಿ ಆ ಮನುಷ್ಯ ಬಡಿಗೆ ಎತ್ತುವುದಿಲ್ಲ. ವೈರಿಯ ಮನೆಯ ಮುಂದೆ ನಿಂತು ಮಣ್ಣು ತೂರುವುದಿಲ್ಲ. ಹೇಳುವುದನ್ನೆಲ್ಲ ದೇವರಿಗೆ ಹೇಳುತ್ತಾನೆ. ಮುಯ್ಯಿ ತೀರಿಸುವ ಕೆಲಸ ನನ್ನದು ಎಂದು ದೇವರು ಧರ್ಮೋಪದೇಶಕಾಂಡದಲ್ಲಿ ಹೇಳಿದ್ದನ್ನು ಪೌಲನು ರೋಮಾಪುರದವರಿಗೆ ಬರೆದ ಪತ್ರದ 12ನೆಯ ಅಧ್ಯಾಯದಲ್ಲಿ ಮತ್ತೆ ನೆನಪಿಸುತ್ತಾನೆ. ಸೇಡಿನ ಆಸೆಯನ್ನು ಆ ಕಚೇರಿಗೆ ಒಪ್ಪಿಸಿ ಬರುವುದಕ್ಕೆ ಈ ಕೀರ್ತನೆಗಳಿವೆ. ಒಪ್ಪಿಸಿದ ಮೇಲೆ ತೀರ್ಪು ನಿಮ್ಮ ಕೈಯಲ್ಲಿ ಇರುವುದಿಲ್ಲ. ನೀವು ಆ ಮನುಷ್ಯನ ಮನೆಗೆ ಹೋಗಿ ಜಗಳವಾಡಲಿಲ್ಲ, ಟ್ರ್ಯಾಕ್ಟರಿಗೆ ಕಲ್ಲು ಹೊಡೆಯಲಿಲ್ಲ. ಮಧ್ಯರಾತ್ರಿ ದೇವರ ಮುಂದೆ ಕೂಗಿಕೊಂಡಿರಿ. ಇದನ್ನು ನಾನು ಮಾಟವೆನ್ನುವುದಿಲ್ಲ.

ಹಾಗೆಂದು ದಿನವೂ ಓದಿ ಎನ್ನಲಾರೆ. ಕ್ಯಾಥೊಲಿಕ್ ಸಭೆ 1971ರಲ್ಲಿ ತನ್ನ ನಿತ್ಯಪ್ರಾರ್ಥನೆಯ ಪುಸ್ತಕವನ್ನು ಪರಿಷ್ಕರಿಸಿದಾಗ 58, 83, 109 ಈ ಮೂರನ್ನು ಪೂರ್ತಿಯಾಗಿ ಬಿಟ್ಟಿತು. ಓದುವವರ ಮನಸ್ಸಿಗೆ ಕಷ್ಟವಾಗುತ್ತದೆ ಎಂಬುದು ಕಾರಣ. ಆ ನಿರ್ಧಾರ ನನಗೆ ಒಪ್ಪಿಗೆಯಿಲ್ಲ. ಸಭೆ ಓದದೆ ಬಿಟ್ಟದ್ದನ್ನು ನಿಮ್ಮಂಥವರು ರಾತ್ರಿ ಒಬ್ಬರೇ ಕುಳಿತು ಓದುತ್ತೀರಿ, ಅರ್ಥ ಬಿಡಿಸಿ ಹೇಳಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಆದರೆ ಅವರ ಅಳುಕಿನಲ್ಲಿ ಹುರುಳಿಲ್ಲದಿಲ್ಲ. ಮೊದಲ ರಾತ್ರಿ ಎದೆ ಹಗುರಾಯಿತು ಎಂದಿರಿ. ಹತ್ತನೆಯ ರಾತ್ರಿಯೂ ಹಗುರಾಯಿತೇ, ಅಥವಾ ಓದದಿದ್ದರೆ ನಿದ್ದೆಯೇ ಬಾರದು ಎಂಬಂತಾಯಿತೇ? ಎರಡನೆಯದಾದರೆ ಸಿಟ್ಟನ್ನು ದೇವರಿಗೆ ಒಪ್ಪಿಸುತ್ತಿಲ್ಲ, ಮೇವು ಹಾಕಿ ಸಾಕುತ್ತಿದ್ದೀರಿ. ಓದಬೇಕೆನಿಸಿದರೆ ಹಗಲಿನಲ್ಲಿ, ನಂಬಿಕೆಯ ಒಬ್ಬ ಹೆಂಗಸನ್ನು ಪಕ್ಕದಲ್ಲಿ ಕೂರಿಸಿಕೊಂಡು, 1ರಿಂದ 31ರವರೆಗೆ ಓದಿ. ಮನೆಯ ಮಕ್ಕಳ ಕಿವಿಗೆ ಬೀಳುವಂತೆ ಬೇಡ. ಆ ಹುಡುಗನ ವಿಷಯದಲ್ಲಿ ಮನಸ್ಸು ಕರಗಿದ ದಿನ, ಅವನು ಚೆನ್ನಾಗಿರಲಿ ಎಂಬ ಒಂದು ಮಾತು ಸಾಕು. ಅದನ್ನು ಬಲವಂತವಾಗಿ ಹೊರಡಿಸಬೇಡಿ.

ದೇವರ ಮೇಲಿನ ಸಿಟ್ಟು ಪಾಪವೇ ಎಂದು ಕೇಳಿದ್ದೀರಿ. 150ರಲ್ಲಿ ಮೂರರಲ್ಲಿ ಒಂದು ಪಾಲಿಗಿಂತ ಹೆಚ್ಚು ಗೋಳಿನ ಕೀರ್ತನೆಗಳೇ. ನಮ್ಮ ಆರಾಧನೆಯಲ್ಲಿ ಓದುವ 23, 100, 103, 121 ಇವಷ್ಟೇ ಪುಸ್ತಕವಲ್ಲ. ಬೆಳಗಾವಿಗೆ ಲಂಡನ್ ಮಿಷನ್ ಬಂದದ್ದು 1820ರಲ್ಲಿ. ಕನ್ನಡದ ಪೂರ್ಣ ಸತ್ಯವೇದ ಬಳ್ಳಾರಿಯಲ್ಲಿ ಅಚ್ಚಾದದ್ದು 1831ರಲ್ಲಿ. ಅಂದರೆ ಈ ಗೋಳಿನ ಕೀರ್ತನೆಗಳು ಹೆಚ್ಚುಕಡಿಮೆ ಇನ್ನೂರು ವರ್ಷಗಳಿಂದ ನಮ್ಮ ಮನೆಗಳಲ್ಲಿವೆ. ಹಾಳೆ ತಿರುವಿದವರು ಕಡಿಮೆ, ಅಷ್ಟೇ.

88ನ್ನು ನಿಧಾನವಾಗಿ ಓದಿ. ಹೇಮಾನನ ಹೆಸರಿನಲ್ಲಿರುವ ಕೀರ್ತನೆ. ಅವನು ಬೆಳಿಗ್ಗೆ ಕೂಗುತ್ತಾನೆ, ರಾತ್ರಿ ಕೂಗುತ್ತಾನೆ. ವಿಧಿಯನ್ನೂ ದೆವ್ವವನ್ನೂ ವೈರಿಯನ್ನೂ ದೂರುವುದಿಲ್ಲ. ನೀನೇ ನನ್ನನ್ನು ಆಳವಾದ ಗುಂಡಿಗೆ ತಳ್ಳಿದೆ, ನೀನೇ ನನ್ನ ಗೆಳೆಯರನ್ನು ದೂರ ಮಾಡಿದೆ, ಯಾಕೆ ಮುಖ ಮರೆಸಿಕೊಂಡಿದ್ದೀ ಎಂದು ನೇರವಾಗಿ ದೇವರನ್ನೇ ಹಿಡಿಯುತ್ತಾನೆ. ಬೇರೆ ಗೋಳಿನ ಕೀರ್ತನೆಗಳಲ್ಲಿ ಕೊನೆಗೆ ‘ಆದರೂ ನಾನು ನಿನ್ನನ್ನು ಕೊಂಡಾಡುವೆನು’ ಎಂಬ ತಿರುವು ಬರುತ್ತದೆ. ಇಲ್ಲಿ ಅದೂ ಇಲ್ಲ. ಕತ್ತಲೆಯ ಮಾತಿನೊಂದಿಗೆ ನಿಂತುಬಿಡುತ್ತದೆ. ಇದನ್ನು ಪ್ರಾರ್ಥನೆಯೆಂದು ಒಪ್ಪಿ ಪವಿತ್ರ ಗ್ರಂಥದಲ್ಲಿ ಇಟ್ಟುಕೊಂಡವರು ನಿಮ್ಮ ಸಿಟ್ಟಿಗೆ ಬೆಚ್ಚಿಬೀಳುವವರಲ್ಲ. 44ನೆಯದರಲ್ಲಿ ‘ಎದ್ದೇಳು, ಯಾಕೆ ಮಲಗಿದ್ದೀ’ ಎಂದು ಇಡೀ ಜನಾಂಗವೇ ದೇವರನ್ನು ಗದರುತ್ತದೆ. 39 ಇನ್ನೂ ವಿಚಿತ್ರ. ಅವನು ಮೊದಲು ಬಾಯಿಗೆ ಕಡಿವಾಣ ಹಾಕಿಕೊಂಡು ಸುಮ್ಮನಿರಲು ನೋಡುತ್ತಾನೆ. ಸುಮ್ಮನಿದ್ದಷ್ಟೂ ಸಂಕಟ ಹೆಚ್ಚಾಗಿ ಎದೆಯೊಳಗೆ ಬೆಂಕಿ ಹತ್ತುತ್ತದೆ. ಕೊನೆಗೆ ಬಾಯಿ ಬಿಟ್ಟವನು, ನಾನು ಸ್ವಲ್ಪ ಚೇತರಿಸಿಕೊಳ್ಳುವಂತೆ ನಿನ್ನ ದೃಷ್ಟಿಯನ್ನು ನನ್ನಿಂದ ತೆಗೆದುಬಿಡು ಎಂದು ದೇವರಿಗೇ ಹೇಳಿ ಮುಗಿಸುತ್ತಾನೆ.

ಹೀಗೆ ಜಗಳವಾಡುವವರು ದೇವರನ್ನು ಬಿಟ್ಟುಹೋದವರಲ್ಲ. ಬಿಟ್ಟುಹೋದವರು ಮಾತನ್ನೇ ನಿಲ್ಲಿಸಿರುತ್ತಾರೆ. ಕೂಡಲಸಂಗಮ ನಿಮ್ಮ ಜಿಲ್ಲೆಯದೇ. ತಂದೆ ನೀನು, ತಾಯಿ ನೀನು ಎಂದು ಕರೆದ ಬಸವಣ್ಣ, ‘ಹಾಲಲದ್ದು ನೀರಲದ್ದು’ ಎಂದು ಅದೇ ಉಸಿರಿನಲ್ಲಿ ಹೇಳಿದ. ಸಂಬಂಧ ಅಷ್ಟು ಹತ್ತಿರದ್ದಾಗಿದ್ದರೆ ಮಾತಿಗೆ ಆ ಸಲಿಗೆ ಬರುತ್ತದೆ.

ಅಳುವುದು ಅವಿಶ್ವಾಸ ಎಂದವರು ಥೆಸಲೊನೀಕದವರಿಗೆ ಬರೆದ ಮೊದಲ ಪತ್ರದ 4ನೆಯ ಅಧ್ಯಾಯವನ್ನು ನೆನಪಿಟ್ಟುಕೊಂಡು ಹೇಳಿರಬೇಕು. ನಿರೀಕ್ಷೆಯಿಲ್ಲದವರು ದುಃಖಿಸುವ ಹಾಗೆ ದುಃಖಿಸಬೇಡಿ ಎಂದು ಅಲ್ಲಿದೆ. ದುಃಖಿಸಲೇಬೇಡಿ ಎಂದಿಲ್ಲ. ಅಳುವವರ ಸಂಗಡ ಅಳಿರಿ ಎಂದವನೂ ಅದೇ ಪೌಲ. ಸತ್ತಿದ್ದ ಲಾಜರನನ್ನು ಇನ್ನೇನು ಎಬ್ಬಿಸುವವನಿದ್ದ ಯೇಸುವೇ ಮೊದಲು ಅತ್ತನು. ಯೆರೆಮೀಯನು 9ನೆಯ ಅಧ್ಯಾಯದಲ್ಲಿ ಗೋಳಾಡುವುದರಲ್ಲಿ ನುರಿತ ಹೆಂಗಸರನ್ನು ಕರೆತನ್ನಿ ಎನ್ನುತ್ತಾನೆ. ಅಂಥವರು ನಮ್ಮಲ್ಲಿ ಇದ್ದರು, ಈಗಲೂ ಅಲ್ಲಲ್ಲಿ ಇದ್ದಾರೆ. ಇಂಡಿ ಕಡೆಯ ಒಂದು ಹಳ್ಳಿಯಲ್ಲಿ ಹೆಣದ ಪಕ್ಕ ಕುಳಿತ ಮುದುಕಿಯೊಬ್ಬಳು ಹಾಡಿಕೊಂಡು ಅಳುವುದನ್ನು ಕೇಳಿದ್ದೇನೆ. ಸತ್ತವನು ಕಟ್ಟಿದ ಎತ್ತು, ಬದುವಿನ ಮೇಲೆ ಹಚ್ಚಿದ ಬೇವಿನ ಗಿಡ, ರೊಟ್ಟಿಯ ಜೊತೆ ಎರಡೆರಡು ಸಲ ಕೇಳಿ ಹಾಕಿಸಿಕೊಳ್ಳುತ್ತಿದ್ದ ಶೇಂಗಾ ಹಿಂಡಿ, ಒಂದೊಂದನ್ನೂ ಹೆಸರು ಹಿಡಿದು ಕರೆದಳು. ನನ್ನನ್ನು ಯಾರ ಕೈಗೆ ಒಪ್ಪಿಸಿ ಹೋದೆ ಎಂದು ಅವನನ್ನೂ ಕೇಳಿದಳು, ನಿನಗೆ ಕಣ್ಣಿಲ್ಲವೇ ಎಂದು ದೇವರನ್ನೂ ಕೇಳಿದಳು. ಅವಳ ಜೊತೆ ಮನೆಯ ಹೆಣ್ಣುಮಕ್ಕಳೆಲ್ಲ ಅತ್ತರು, ಅತ್ತ ಮೇಲೆ ನೀರು ಕುಡಿದರು. ಇದು ಕ್ರೈಸ್ತರಿಗೆ ಸಲ್ಲದು ಎಂದು ನಮ್ಮವರು ಬಿಡಿಸಿ, ಅದರ ಜಾಗದಲ್ಲಿ ಕೊಟ್ಟದ್ದು ಮೈಕಿನಲ್ಲಿ ಹಾಡುವ ಸ್ತುತಿಗೀತೆಗಳನ್ನು. ಕೈಯಲ್ಲಿದ್ದ ಕೀರ್ತನೆಗಳನ್ನಾದರೂ ಕೊಡಬಹುದಿತ್ತು.

ಸಭಾಪಾಲಕರು ನಿಮ್ಮನ್ನು ತಪ್ಪು ತಿಳಿದರೆ ಹನ್ನಳನ್ನು ನೆನೆಯಿರಿ. ದೇವಾಲಯದಲ್ಲಿ ತುಟಿಯಾಡಿಸುತ್ತ ಎದೆ ಬರಿದು ಮಾಡುತ್ತಿದ್ದವಳನ್ನು ಯಾಜಕನಾದ ಏಲಿಯು ಕುಡಿದಿದ್ದಾಳೆ ಎಂದುಕೊಂಡ. ಅವಳು ಎದ್ದುಹೋಗಲಿಲ್ಲ, ಇಲ್ಲ ಸ್ವಾಮೀ, ಮನಸ್ಸಿನ ನೋವು ಹೇಳಿಕೊಳ್ಳುತ್ತಿದ್ದೇನೆ ಎಂದು ತಿಳಿಸಿ ಹೇಳಿದಳು. ಅವನು ತಿದ್ದಿಕೊಂಡು ಅವಳನ್ನು ಹರಸಿದ. ನಿಮ್ಮ ಸಭಾಪಾಲಕರಿಗೂ ಆ ಅವಕಾಶ ಕೊಟ್ಟು ನೋಡಿ: ಮುಂದಿನ ಭಾನುವಾರ 13ನೆಯ ಕೀರ್ತನೆಯನ್ನು ಆರಾಧನೆಯಲ್ಲಿ ಓದಿಸಿರಿ ಎಂದು ಕೇಳಿ. ಉಳಿದವರು ಹಾಡುವಾಗ ನೀವು ಸುಮ್ಮನೆ ಕುಳಿತಿರಬಹುದು. ಕೆಲವು ವಾರ ಹೋಗದೆಯೂ ಇರಬಹುದು. ಆದರೆ ಹೋಗದೆ ಇರುವುದು ಉದ್ದವಾದರೆ ಮನೆ ಹಿಡಿದು ಕೂರುವ ಅಪಾಯವಿದೆ. ಹಾಗಾಗಿ ವಾರಕ್ಕೊಮ್ಮೆ ಒಬ್ಬರಾದರೂ ನಿಮ್ಮ ಮನೆಗೆ ಬರಲಿ, ಉಪದೇಶಕ್ಕಲ್ಲ, ಜೊತೆಗೆ ಚಹಾ ಕುಡಿಯುವುದಕ್ಕೆ.

ನೀವು ಒಬ್ಬರೇ ಪ್ರಾರ್ಥಿಸಲು ಕೂಡ 13ನ್ನೇ ಹೇಳುತ್ತೇನೆ. ಆರೇ ವಚನ. ಮೊದಲ ಎರಡರಲ್ಲಿ ನಾಲ್ಕು ಸಲ ‘ಎಷ್ಟರವರೆಗೆ’ ಎಂಬ ದೂರು, ಮುಂದಿನ ಎರಡರಲ್ಲಿ ಬೇಡಿಕೆ, ಕೊನೆಯ ಎರಡರಲ್ಲಿ ಭರವಸೆ. ದೂರಿನ ಜಾಗದಲ್ಲಿ ನಿಮ್ಮ ದೂರನ್ನೇ ಇಡಿ: ದೀಪವಿಲ್ಲದ ಟ್ರೇಲರು, ಹೊಸ್ತಿಲಿಗೆ ಬಾರದ ಮನುಷ್ಯ, 91ನ್ನು ಓದಿಸಿಕೊಂಡೂ ತಡೆಯದ ದೇವರು. ಬೇಡಿಕೆಯ ಜಾಗದಲ್ಲಿ ಏನು ಬೇಕೋ ಅದನ್ನು ಕೇಳಿ, ಒಂದು ರಾತ್ರಿಯ ನಿದ್ದೆಯಾದರೂ ಸರಿ. ಐದನೆಯ ವಚನ ಬಾಯಿಗೆ ಬಾರದಿದ್ದರೆ ನಾಲ್ಕಕ್ಕೇ ಪುಸ್ತಕ ಮುಚ್ಚಿ. ನಾಲ್ಕಕ್ಕೂ ಐದಕ್ಕೂ ನಡುವೆ ಏನಾಯಿತೆಂದು ಕೀರ್ತನೆ ಹೇಳುವುದಿಲ್ಲ. ದೇವಾಲಯದಲ್ಲಿ ಯಾಜಕನು ನಡುವೆ ದೇವರ ಪರವಾಗಿ ಒಂದು ಸಾಂತ್ವನದ ಮಾತು ಹೇಳುತ್ತಿದ್ದನು ಎಂದು ಕೆಲವು ವಿದ್ವಾಂಸರು ಊಹಿಸಿದ್ದಾರೆ. ಅಲ್ಲಿ ತಿಂಗಳುಗಳೇ ಕಳೆದಿರಲೂಬಹುದು. ದಿನಕ್ಕೊಂದು ಹೊತ್ತು, ಬೆಳಕಿರುವಾಗ ಸಾಕು. ಈ ದಾರಿಯಲ್ಲೂ ಒಂದು ತೊಡಕಿದೆ: ಅದೇ ದೂರು ಅದೇ ಮಾತಿನಲ್ಲಿ ತಲೆಯೊಳಗೆ ಗಾಣದಂತೆ ಸುತ್ತತೊಡಗಬಹುದು. ಐದು ತಿಂಗಳ ಶೋಕ ರೋಗವಲ್ಲ. ವರ್ಷ ತುಂಬಿದ ಮೇಲೂ ತೀವ್ರತೆ ಇಷ್ಟೇ ಇದ್ದು ಮನೆಗೆಲಸಕ್ಕೂ ಏಳಲಾಗದಿದ್ದರೆ ಅದಕ್ಕೆ ಚಿಕಿತ್ಸೆಯಿದೆ, ವೈದ್ಯರನ್ನು ಕಾಣಬೇಕು.

ಶಾಪ ಮುರಿಯುವ ಪ್ರಾರ್ಥನೆ ಬೇಡ. ಹಾಕದ ಶಾಪವನ್ನು ಮುರಿಯಲು ಹೋದರೆ ಅದು ಇತ್ತು ಎಂದು ನೀವೇ ಒಪ್ಪಿಕೊಂಡಂತಾಗುತ್ತದೆ, ಊರಿನ ಬಾಯಿಗೂ ಬೀಳುತ್ತದೆ. ಆ ಮನೆಗೆ ಹೋಗಿ ತಪ್ಪೊಪ್ಪಿಕೊಳ್ಳುವುದಂತೂ ಖಂಡಿತ ಬೇಡ. ನೀವು ಅವರಿಗೆ ಕೇಡು ಮಾಡಿಲ್ಲ. ಹೇಳಿಬಂದರೆ ನಾಳೆ ಆ ಮನೆಯಲ್ಲಿ ಎಮ್ಮೆ ಸತ್ತರೂ ನಿಮ್ಮ ಹೆಸರು ಬರುತ್ತದೆ.

ಹೋಗಬೇಕಾದ ಜಾಗ ಬೇರೆ ಇದೆ. ‘ನನ್ನ ವ್ಯಾಜ್ಯವನ್ನು ನಡೆಸು’ ಎಂದು 43ನೆಯ ಕೀರ್ತನೆ ದೇವರನ್ನು ಕೇಳುತ್ತದೆ. ಬಡವರಿಗೂ ಅನಾಥರಿಗೂ ನ್ಯಾಯ ಕೊಡಿಸಿ ಎಂದು 82 ನ್ಯಾಯಾಧಿಪತಿಗಳಿಗೆ ಹೇಳುತ್ತದೆ. ಪ್ರಾರ್ಥಿಸುವವರು ನ್ಯಾಯಾಲಯಕ್ಕೆ ಹೋಗಬಾರದೆಂದಿಲ್ಲ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಅರ್ಜಿ ಹಾಕಿದ್ದೀರೋ ಇಲ್ಲವೋ ನೀವು ಬರೆದಿಲ್ಲ. 2019ರ ತಿದ್ದುಪಡಿಯ ಪ್ರಕಾರ ಅಪಘಾತವಾದ ಆರು ತಿಂಗಳೊಳಗೆ ಹಾಕಬೇಕು, ಜನವರಿಯಿಂದ ಎಣಿಸಿದರೆ ನಿಮಗೆ ಉಳಿದಿರುವುದು ಕೆಲವೇ ವಾರ. ನೀವು ವಾಸವಿರುವ ಕಡೆಯ ನ್ಯಾಯಮಂಡಳಿಯಲ್ಲಿಯೇ ಹಾಕಬಹುದು. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಕೊಡಬೇಕೆಂದು ಕಾನೂನಿದೆ. ಜಿಲ್ಲಾ ಅಥವಾ ತಾಲ್ಲೂಕು ಕಾನೂನು ಸೇವಾ ಕಚೇರಿಯಲ್ಲಿ ಕೇಳಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಎಫ್‌ಐಆರ್ ಪ್ರತಿ, ಮರಣೋತ್ತರ ಪರೀಕ್ಷೆಯ ವರದಿ, ಮರಣ ಪ್ರಮಾಣಪತ್ರ, ಮಗನ ಚಾಲನಾ ಪರವಾನಗಿ, ಸಂಬಳದ ದಾಖಲೆ ಜೊತೆಗಿರಲಿ. ಮಗನ ಜೀವಕ್ಕೆ ಬೆಲೆ ಕಟ್ಟಿದಂತಾಯಿತು ಎಂಬ ಸಂಕೋಚ ಬೇಡ. ದೀಪವಿಲ್ಲದೆ ರಸ್ತೆಯಲ್ಲಿ ನಿಲ್ಲಿಸಿದ್ದು ತಪ್ಪು ಎಂದು ಕಾಗದದ ಮೇಲೆ ಬರೆಸಿಕೊಳ್ಳುವ ದಾರಿ ಅದು. ಮುಂದಿನ ಹಂಗಾಮಿಗೆ ಮೊದಲು ಟ್ರೇಲರುಗಳಿಗೆ ಕೆಂಪು ಪಟ್ಟಿ ಹಚ್ಚಿಸಿ ಎಂದು ಕಾರ್ಖಾನೆಗೂ ಪೊಲೀಸರಿಗೂ ಒಂದು ಮನವಿ ಬರೆಯಲು ನಿಮ್ಮ ಮಹಿಳಾ ಕೂಟವನ್ನು ಕೇಳಿ. ಸ್ತೋತ್ರದ ಬಗ್ಗೆ ಹೇಳಿದವರು ಇದಕ್ಕೂ ಸಹಿ ಹಾಕಲಿ.

ನಿಮ್ಮ ಯಜಮಾನರ ವಿಷಯ ಒಂದು ಮಾತು. ಹೊಲದಲ್ಲಿ ಕತ್ತಲಾಗುವವರೆಗೆ ಇರುವವರು ಅಲ್ಲಿ ಏನು ಮಾಡುತ್ತಾರೆಂದು ನನಗೆ ಅಂದಾಜಿದೆ. ಅವರನ್ನು ಕೂರಿಸಿ ಮಾತನಾಡಿಸಲು ಹೋಗಬೇಡಿ, 39ನ್ನೂ ಓದಿ ಹೇಳಬೇಡಿ. ಅರ್ಜಿಗೆ ತಂದೆ ತಾಯಿ ಇಬ್ಬರೂ ಬೇಕು, ಬನ್ನಿ ಎಂದು ಕರೆಯಿರಿ. ಇಬ್ಬರೂ ಒಂದೇ ಬಸ್ಸಿನಲ್ಲಿ ಹೋಗಿ ಬನ್ನಿ.